ಹರಳು ಮನೆಯ ಏಕವಚನ

ನಮ್ಮೂರಿನಲ್ಲಿ ಹಾಲಿಗೆ ಹೆಪ್ಪು ಹಾಕುವ ಮುಂಚೆ ಮನೆಯವರು ಒಂದು ಗಳಿಗೆ ನಿಂತು ಯೋಚಿಸುತ್ತಾರೆ, ಈ ದಿನ ಈ ಸೂರಿನಡಿ ಯಾರು ಯಾರನ್ನು ಹೇಗೆ ಕರೆದರು ಎಂದು. ಕೆಲಸಕ್ಕೆ ಬಂದವರನ್ನು ಯಾರಾದರೂ ‘ಏಯ್, ಬಾರೋ ಇಲ್ಲಿ’ ಅಂದಿದ್ದರೆ ಹೆಪ್ಪು ಎಷ್ಟೇ ಒಳ್ಳೆಯದಿರಲಿ, ಬೆಳಿಗ್ಗೆ ಹಾಲು ಹಾಲಾಗಿಯೇ ಇರುತ್ತದೆ. ಆಲೆಮನೆಯಲ್ಲಿ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ. ಗಾರೆ ಬಿಗಿಯುವುದಿಲ್ಲ. ಗಟ್ಟಿಯಾಗಬೇಕಾದ್ದು ಯಾವುದೂ ಗಟ್ಟಿಯಾಗುವುದಿಲ್ಲ. ತಿರುಗಿ ‘ನೀನು’ ಅನ್ನಬಲ್ಲವರಿಗೆ ‘ನೀನು’ ಅಂದರೆ ಮಾತ್ರ ಏನೂ ಕೆಡುವುದಿಲ್ಲ. ಮಗು ಅವ್ವನಿಗೆ ನೀನು ಅನ್ನುತ್ತದೆ, ಅವ್ವ ಮಗುವಿಗೆ ಅನ್ನುತ್ತಾಳೆ. ಆ ಮನೆಯ ಮೊಸರನ್ನು ಚಾಕುವಿನಿಂದ ಕೊಯ್ಯಬಹುದು. ಮಕ್ಕಳಿಂದ ‘ನೀವು’ ಅನ್ನಿಸಿಕೊಳ್ಳಲೇಬೇಕೆಂದು ಹಟ ಹಿಡಿದ ಅಪ್ಪಂದಿರು ಕೆಲವರಿದ್ದರು. ಅವರ ಮನೆಗಳಲ್ಲಿ ಮಕ್ಕಳಿಗೂ ‘ನೀವು’ ಅನ್ನುವುದು ರೂಢಿಯಾಯಿತು. ‘ಗುಂಡಣ್ಣನವರೇ, ಮೂಗು ಒರೆಸಿಕೊಳ್ಳಿ’ ಎಂದು ಮೂರು ವರ್ಷದ ಮಗನಿಗೆ ಹೇಳುವ ವಕೀಲರೊಬ್ಬರು ನಮ್ಮ ಬೀದಿಯಲ್ಲೇ ಇದ್ದಾರೆ.

ಹೊರಗಿನವರು ನಮ್ಮದು ಸಂಸ್ಕಾರವಂತರ ಊರು ಅನ್ನುತ್ತಾರೆ. ಸುಳ್ಳು. ಇಲ್ಲಿನ ಧಣಿಗಳ ಬಾಯಿ ನೆಟ್ಟಗಾಗಬೇಕಾದರೆ ಮೂರು ಆಲೆಮನೆ ಮುಳುಗಬೇಕಾಯಿತು, ಕಲ್ಯಾಣ ಮಂಟಪವೊಂದರ ತಾರಸಿ ಮುಹೂರ್ತದ ಹಿಂದಿನ ದಿನ ಕುಸಿಯಬೇಕಾಯಿತು. ನಮ್ಮ ಅಜ್ಜಂದಿರ ಬೆನ್ನಿನ ಬಾಸುಂಡೆಗಳು ಮಾಡಲಾರದ್ದನ್ನು ಒಂದು ಕೊಪ್ಪರಿಗೆ ಪಾಕ ಮಾಡಿತು. ಈಗ ಎಲ್ಲರೂ ಎಲ್ಲರಿಗೂ ‘ಬನ್ನಿ, ಕೂತ್ಕೊಳ್ಳಿ’ ಅನ್ನುತ್ತಾರೆ. ಹೆದರಿ ಅನ್ನುವವರೇ ಹೆಚ್ಚು. ಹೆದರಿಕೆಯ ‘ನೀವು’ಗೂ ತಾರಸಿ ನಿಲ್ಲುತ್ತದೆ, ಆದರೆ ಸೋರುತ್ತದೆ. ನಮ್ಮೂರಿನ ದೊಡ್ಡ ಮನೆಗಳಲ್ಲಿ ಬಕೆಟ್ಟು ಇಡದ ಪಡಸಾಲೆ ನಾನು ಕಂಡಿಲ್ಲ.

ಇಂಥ ಊರಿನ ವಿಶ್ವವಿದ್ಯಾಲಯದಲ್ಲಿ ಹರಳು ಮನೆ ನಡೆಸುವವಳು ನಾನು. ಬೋರ್ಡಿನ ಮೇಲೆ ‘ಸಾಮೂಹಿಕ ರಚನಾ ಜೀವಶಾಸ್ತ್ರ ಕೇಂದ್ರ’ ಎಂದಿದೆ. ಆಟೋದವರಿಗೆ ಹಾಗೆ ಹೇಳಿದರೆ ಪಶು ಆಸ್ಪತ್ರೆಗೆ ಒಯ್ದು ಬಿಡುತ್ತಾರೆ. ಪ್ರೋಟೀನು ಅಂದರೆ ಮೈಯೊಳಗಿನ ಕೂಲಿಕಾರ. ಉಸಿರು ಹೊರುವುದು, ಗಾಯ ಕಟ್ಟುವುದು, ವಿಷ ಏರಿಸುವುದು ಎಲ್ಲ ಅವುಗಳ ದುಡಿಮೆ. ಒಂದು ಪ್ರೋಟೀನಿನ ಆಕಾರ ಗೊತ್ತಾದರೆ ಅದರ ಕೈ ಎಲ್ಲಿದೆ, ಆ ಕೈಯನ್ನು ಹಿಡಿದು ನಿಲ್ಲಿಸುವುದು ಹೇಗೆ ಎಂದು ತಿಳಿಯುತ್ತದೆ. ಆಕಾರ ನೋಡಬೇಕಾದರೆ ಕೋಟಿ ಕೋಟಿ ಪ್ರೋಟೀನುಗಳು ಒಂದರ ಪಕ್ಕ ಒಂದು, ಒಂದೇ ಸಮಕ್ಕೆ ನಿಂತು ಹರಳಾಗಬೇಕು. ಆ ಹರಳಿಗೆ ಎಕ್ಸ್‌ರೇ ಬಿಟ್ಟು ಬೀಳುವ ಚುಕ್ಕಿಗಳನ್ನು ಓದಬೇಕು. ನಾನು ಮೇಲು, ನೀನು ಕೆಳಗೆ ಎಂದು ಶುರುವಾದರೆ ಹರಳಿಲ್ಲ, ತಳದಲ್ಲಿ ಬರೀ ಗಸಿ.

ಯಂತ್ರಗಳು ಒಬ್ಬೊಬ್ಬರು ಒಂದೊಂದು ಇಟ್ಟುಕೊಳ್ಳುವಂಥವಲ್ಲ. ಹದಿನಾಲ್ಕು ವಿಭಾಗ, ಐದು ಹೊರಗಿನ ಕಾಲೇಜು ಸೇರಿ ಒಂದು ಎಕ್ಸ್‌ರೇ ಯಂತ್ರ, ಸೂರಿಗೆ ತಲೆ ತಾಗುವ ಒಂದು ಎಲೆಕ್ಟ್ರಾನ್ ಮೈಕ್ರೋಸ್ಕೋಪು. ಪಾಳಿ ಹಂಚುವುದೇ ನನ್ನ ಅರ್ಧ ಆಯಸ್ಸು. ಕುಲಪತಿಗಳ ಅಳಿಯಂದಿರಿಗೂ ಮಂಗಳವಾರ ಅಂದರೆ ಮಂಗಳವಾರ. ಒಮ್ಮೆ ಸೋಮವಾರವೇ ಬೇಕೆಂದು ಬಂದಾಗ ಅವರನ್ನು ಕೂರಿಸಿ, ಚಹಾ ಕೊಟ್ಟು, ‘ನೀವು ನಾಳೆ ಬನ್ನಿ’ ಎಂದು ಮರ್ಯಾದೆಯಿಂದಲೇ ಕಳಿಸಿದ್ದೆ. ಕಸದ ತಿಪ್ಪೆಯ ಹೆಸರಿಟ್ಟುಕೊಂಡು ಹುಟ್ಟಿದ ತಿಪ್ಪಮ್ಮ ಎಂಬ ನಾನು ಆ ಕುರ್ಚಿಯಲ್ಲಿ ಕೂತು ಹಾಗೆ ಹೇಳುವಾಗ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ.

ಹೋದ ಯುಗಾದಿಗೆ ನಾನು ಮುಖ್ಯಸ್ಥೆಯಾದೆ. ಶ್ರಾವಣದಲ್ಲಿ ಶಾಹಿನಾ ಅವರ ಹರಳುಗಳು ಕರಗತೊಡಗಿದವು.

ಶಾಹಿನಾ ನಮ್ಮಲ್ಲಿ ಸಂಶೋಧನೆ ಮಾಡುವ ವಿದ್ಯಾರ್ಥಿನಿ. ಅವರ ಅಕ್ಕನವರಿಗೆ ಮೆಣಸಿನಕಾಯಿ ಹೊಲದಲ್ಲಿ ಕೊಳಕುಮಂಡಲ ಕಚ್ಚಿತ್ತು. ದೂರದ ಸೀಮೆಯ ಹಾವಿನಿಂದ ತಯಾರಾದ ಔಷಧಿ ನಮ್ಮ ಸೀಮೆಯ ವಿಷಕ್ಕೆ ಅರೆಬರೆ ನಾಟಿತು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ನಮ್ಮ ಹಾವಿನ ವಿಷದಲ್ಲಿ ಬೇರೆ ಏನಿದೆ ಎಂದು ಹುಡುಕಿ ಒಂದೇ ಒಂದು ಪ್ರೋಟೀನನ್ನು ಶಾಹಿನಾ ಮೂರು ವರ್ಷ ಕೂತು ಬೇರ್ಪಡಿಸಿದ್ದರು. ಹಾವು ಹಿಡಿದು ವಿಷ ತೆಗೆಯುವ ಪರವಾನಗಿಯ ಅವಧಿ ಮುಗಿದಿತ್ತು. ಇನ್ನೊಂದು ಹನಿ ಸಿಗುವುದಿಲ್ಲ. ಇದ್ದದ್ದರಲ್ಲಿ ನಾಲ್ಕು ತಟ್ಟೆ ಹಾಕಬಹುದಿತ್ತು. ಒಂದೊಂದು ತಟ್ಟೆಯಲ್ಲಿ ತೊಂಬತ್ತಾರು ಪುಟ್ಟ ಗುಣಿ, ಗುಣಿಗೊಂದು ಹನಿ. ವಿಷದ ವಸ್ತು ಮುಖ್ಯಸ್ಥರ ಬೀಗದಲ್ಲೇ ಇರಬೇಕೆಂದು ಷರತ್ತಿದ್ದುದರಿಂದ ನನ್ನ ಕೋಣೆಯ ಗೋಡೆಗೆ ಕೂಡಿಸಿದ ತಂಪು ಪೆಟ್ಟಿಗೆಯಲ್ಲಿ ಅವನ್ನು ಇಟ್ಟೆವು. ಮೊದಲ ತಟ್ಟೆಯಲ್ಲಿ ಎಂಟನೆಯ ದಿನ ಹರಳು ಮೂಡಿತು, ಒಂಬತ್ತನೆಯ ದಿನ ಸಕ್ಕರೆಯ ಹಾಗೆ ಕರಗಿತು. ಎರಡನೆಯದೂ ಹಾಗೇ.

‘ಯಾರೋ ಇಲ್ಲಿ ಬಾಯಿ ಸಡಿಲ ಬಿಟ್ಟವ್ರೆ’ ಎಂದೆ ನಾನು, ಹುಲಿಗೆಮ್ಮನ ಮುಂದೆ.

ಹುಲಿಗೆಮ್ಮ ನಮ್ಮ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆಂದು ಸೇರಿದವಳು. ಒಂದೇ ಕೇರಿಯಲ್ಲಿ ಬೆಳೆದೆವು. ಸಂಜೆ ದರ್ಜಿ ಅಂಗಡಿಯಲ್ಲಿ ಸೇರುತ್ತಿದ್ದ ಓದು ಬಳಗದಲ್ಲಿ ಒಂದೇ ಪುಸ್ತಕವನ್ನು ಇಬ್ಬರೂ ಎರಡು ಕಡೆಯಿಂದ ಹಿಡಿದು ಓದಿದೆವು; ನಾನು ತಡವರಿಸಿದ ಕಡೆ ಅವಳೇ ಮುಂದಿನ ಸಾಲು ಹೇಳಿಕೊಡುತ್ತಿದ್ದಳು. ನಾನು ಕಾಲೇಜಿಗೆ ಹೋದೆ, ಅವಳು ಮದುವೆಯಾಗಿ ಹೋಗಿ ಎರಡು ವರ್ಷಕ್ಕೆ ತಿರುಗಿ ಬಂದಳು. ಹರಳು ಮನೆಯಲ್ಲಿ ಸೀಸೆ ತೊಳೆಯುತ್ತ ತೊಳೆಯುತ್ತ ಹರಳು ಎತ್ತುವುದನ್ನು ಕಲಿತಳು. ಕೂದಲಿಗಿಂತ ಸಣ್ಣ ದಾರದ ಕುಣಿಕೆಯಲ್ಲಿ ಕಣ್ಣಿಗೆ ಕಾಣದ ಹರಳನ್ನು ಹಿಡಿದು, ಚಣದಲ್ಲಿ ಕೊರೆಯುವ ನೈಟ್ರೋಜನ್ನಿನಲ್ಲಿ ಅದ್ದಬೇಕು. ಪದವಿಯವರ ಕೈ ನಡುಗುತ್ತದೆ. ಅವಳ ಕೈ ನಡುಗುವುದಿಲ್ಲ.

‘ಯಾರಿರಬಹುದು ಮೇಡಂ?’ ಎಂದಳು ಹುಲಿಗೆಮ್ಮ, ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತ.

‘ನಿಂಗೇ ಗೊತ್ತಲ್ಲೇ. ಹೊರಗಿಂದ ಬಂದಿರೋರು ಒಬ್ರೇ.’

ಪ್ರೊಫೆಸರ್ ಸುಜಯೀಂದ್ರ ರಾಜಧಾನಿಯ ದೊಡ್ಡ ಸಂಸ್ಥೆಯವರು. ಶಾಹಿನಾ ಅವರ ಕೆಲಸಕ್ಕೆ ಎರಡನೆಯ ಮಾರ್ಗದರ್ಶಿಯಾಗಿ ಬಂದು ನಮ್ಮ ಅತಿಥಿಗೃಹದಲ್ಲಿದ್ದರು. ಊರಿನ ಸಂಗತಿಯನ್ನು ಬಸ್ಸಿನಲ್ಲೇ ಯಾರೋ ಹೇಳಿದ್ದರಂತೆ. ಇಳಿದ ದಿನದಿಂದ ಕಂಡಕಂಡವರಿಗೆಲ್ಲ ‘ತಾವು’ ಅನ್ನುತ್ತಿದ್ದರು. ನಮ್ಮ ಮೆಟ್ಟಿಲ ಮೇಲೆ ಮಲಗುವ ಬೆಕ್ಕಿಗೆ, ‘ತಾವು ಸ್ವಲ್ಪ ಸರಿದರೆ ನಾನು ದಾಟಿಕೊಳ್ತೀನಿ’ ಎಂದು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅಷ್ಟು ವಿನಯ ಕಂಡರೆ ನನಗೆ ಅನುಮಾನವೇ ಹೆಚ್ಚು. ತಲೆಮಾರುಗಟ್ಟಲೆ ಅಂಗಳದಾಚೆ ನಿಲ್ಲಿಸಿ ಕರೆದ ಬಾಯಿ ಒಂದು ಬಸ್ ಪ್ರಯಾಣದಲ್ಲಿ ತೊಳೆದುಹೋಗುತ್ತದೆಯೇ?

ಅವರನ್ನು ನನ್ನ ಕೋಣೆಗೆ ಕರೆಸಿದೆ. ‘ಸರ್, ನೇರವಾಗಿ ಕೇಳ್ತೀನಿ. ಈ ಮನೆಯೊಳಗೆ ಯಾರಿಗೆ ಏಕವಚನ ಬಳಸಿದ್ರಿ?’

‘ಯಾರಿಗೂ ಇಲ್ಲ ಮೇಡಂ.’

‘ಬಾಯಲ್ಲಿ ಇಲ್ಲ. ಹೊಟ್ಟೆಯೊಳಗೆ?’

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ‘ಹೊಟ್ಟೆಯೊಳಗಿನದಕ್ಕೆ ಏನು ಪ್ರಮಾಣ ಕೊಡಲಿ?’

‘ಕೊಡೋಕಾಗಲ್ಲ ಅಂತ ಗೊತ್ತು. ನಿಮ್ಮ ಹಿರಿಯರು ನಮ್ಮ ಹಿರಿಯರ ಕೈಲಿ ಕೇಳಿದ ಪ್ರಮಾಣಗಳೂ ಹಂಗೇ ಇದ್ವು, ಕೊಡೋಕಾಗದಂಥವು. ಒಂದು ವಾರ ನೀವು ಹರಳು ಮನೆಗೆ ಬರಬ್ಯಾಡಿ.’

ಅವರು ತಲೆ ತಗ್ಗಿಸಿ ಹೋದರು. ಆ ಸಂಜೆ ನಡೆದು ಮನೆಗೆ ಹೋಗುವಾಗ ಹೆಜ್ಜೆ ಹಗುರವಾಗಿತ್ತು. ಮೂರನೆಯ ತಟ್ಟೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಕೊಂಡೆ. ಹರಳು ಈ ಸಲ ಬೇಗ ಬಂತು, ಆರನೆಯ ದಿನಕ್ಕೆ. ಏಳನೆಯ ದಿನ ಬೆಳಿಗ್ಗೆ, ಪ್ರೊಫೆಸರು ಕಾಲಿಡದ ಕೋಣೆಯಲ್ಲಿ, ನನ್ನ ಬೀಗದೊಳಗೆ, ಕರಗಿತು.

ಶಾಹಿನಾ ಅಳಲಿಲ್ಲ. ‘ಮೇಡಂ, ಇನ್ನು ಒಂದೇ ತಟ್ಟೆ’ ಎಂದರು. ಆಮೇಲೆ, ‘ನಮ್ಮ ಮನೇಲಿ ಮೊಸರು ಕೂರದೇ ಇದ್ರೆ ಅಮ್ಮಿ ಒಂದು ಕೆಲಸ ಮಾಡ್ತಾರೆ. ಕೋಣೆಗೊಂದು ಬಟ್ಟಲು ಇಡ್ತಾರೆ. ಯಾವ ಕೋಣೇಲಿ ಜಗಳ ಐತೆ ಅಂತ ಗೊತ್ತಾಗುತ್ತೆ’ ಎಂದರು.

ಊರೆಲ್ಲ ಮಾಡುವ ಪರೀಕ್ಷೆ ಇಷ್ಟು ಓದಿದ ನನಗೆ ಹೊಳೆದಿರಲಿಲ್ಲ. ಒಂದೇ ಪಾತ್ರೆಯ ಹಾಲು, ಒಂದೇ ಹೆಪ್ಪು, ಐದು ಬಟ್ಟಲು. ತೊಳೆಯುವ ಕೋಣೆಗೊಂದು, ಎಕ್ಸ್‌ರೇ ಕೋಣೆಗೊಂದು, ಮೈಕ್ರೋಸ್ಕೋಪಿನವರಿಗೊಂದು, ಹರಳು ಬೆಳೆಸುವ ತಂಪು ಕೋಣೆಗೆ ಕಂಬಳಿ ಸುತ್ತಿ ಒಂದು. ಲೆಕ್ಕ ತಪ್ಪಬಾರದೆಂದು ನನ್ನ ಕೋಣೆಯಲ್ಲೂ ಒಂದಿಟ್ಟೆ. ತಂಪಿನಲ್ಲಿ ಮೊಸರು ನಿಧಾನವೆಂದು ಎರಡು ದಿನ ಬಿಟ್ಟೆವು. ಮೂರನೆಯ ಬೆಳಿಗ್ಗೆ ಹುಲಿಗೆಮ್ಮ, ಶಾಹಿನಾ, ನಾನು ಬಟ್ಟಲು ಬೋರಲು ಹಾಕುತ್ತ ಹೋದೆವು. ನಾಲ್ಕು ಬಟ್ಟಲಿನಿಂದ ಒಂದು ತೊಟ್ಟು ಬೀಳಲಿಲ್ಲ. ಐದನೆಯದನ್ನು ಓರೆ ಮಾಡುತ್ತಿದ್ದಂತೆಯೇ ಹಾಲು ನನ್ನ ಮೇಜಿನ ಮೇಲೆಲ್ಲ ಹರಿದು ಹಾಜರಿ ಪುಸ್ತಕದ ಅಂಚು ತೋಯಿಸಿತು.

‘ಇದು ಹೆಂಗೆ ಸಾಧ್ಯ?’ ಎಂದೆ. ‘ಈ ಕೋಣೇಲಿ ನಾನು ಯಾರಿಗಾದ್ರೂ ಒಂದು ಹಗುರ ಮಾತು ಆಡಿದೀನಾ? ಹುಲಿಗಿ, ನೀನಾದ್ರೂ ಹೇಳೇ ಇವರಿಗೆ!’

‘ಏನು ಹೇಳ್ಲಿ ಮೇಡಂ?’

ಅವಳು ಮೇಜು ಒರೆಸುತ್ತಿದ್ದಳು. ಶಾಹಿನಾ ನನ್ನ ಮುಖ ನೋಡಲಿಲ್ಲ, ಕಿಟಕಿಯಾಚೆ ನೋಡುತ್ತಿದ್ದರು. ‘ಹೇಳೇ’ ಎಂಬ ನನ್ನ ಮಾತು, ‘ಮೇಡಂ’ ಎಂಬ ಅವಳ ಮಾತು, ಎರಡೂ ಅಕ್ಕಪಕ್ಕ ನಿಂತಿದ್ದು ಆಗ ನನಗೆ ಕೇಳಿಸಿತು. ಯಾವತ್ತಿನಿಂದ ಹೀಗೆ? ಮೊದಲು ‘ತಿಪ್ಪಿ’ ಅನ್ನುತ್ತಿದ್ದಳು. ‘ನಿನ್ನ ತಲೆ’ ಅನ್ನುತ್ತಿದ್ದಳು. ಒದ್ದೆಯಾದ ಪುಸ್ತಕವನ್ನು ಹಿಂದಕ್ಕೆ ಮಗುಚುತ್ತ ಹೋದೆ. ಶ್ರಾವಣದ ಎರಡನೆಯ ಸೋಮವಾರ ಅವಳ ಹೆಸರಿನ ಮುಂದೆ ನನ್ನದೇ ಕೈಬರಹದಲ್ಲಿ ಕೆಂಪು ಶಾಯಿ: ‘ತಡ’. ಕಾಲು ಗಂಟೆ. ಗೆಳತಿಯೆಂದು ರಿಯಾಯಿತಿ ತೋರಿಸಿದಳು ಅನ್ನಬಾರದಲ್ಲ ಎಂದು ಬರೆದಿದ್ದೆ. ಮರುದಿನದಿಂದ ಅವಳು ‘ನೀವು’ ಅಂದಳು, ತಮಾಷೆಗೆ ಅನ್ನುತ್ತಾಳೆಂದುಕೊಂಡೆ. ನನ್ನ ‘ನೀನು’ ಮಾತ್ರ ಹಾಗೇ ಉಳಿದಿತ್ತು. ದಿನಾ ಬೆಳಿಗ್ಗೆ, ಆ ತಂಪು ಪೆಟ್ಟಿಗೆಯಿಂದ ಎರಡು ಮಾರು ದೂರದಲ್ಲಿ.

‘ಹುಲಿಗಿ, ನನಗೆ ನೀನು ಅನ್ನು’ ಎಂದೆ. ‘ಈಗಲೇ ಅನ್ನು.’

‘ಅಪ್ಪಣೆನಾ?’ ಎಂದು ಅವಳು ನಕ್ಕಳು. ‘ಅಪ್ಪಣೆ ಮೇಲೆ ಬರೋ ಅಂಥದ್ದಲ್ಲ ಮೇಡಂ ಅದು. ಬಾಯಿ ಬಿಟ್ರೆ ಪುಸ್ತಕ ಕಾಣ್ತೈತೆ.’

‘ಹಾಗಾದ್ರೆ ನಾನೇ ನಿಮಗೆ ನೀವು ಅಂತೀನಿ.’

‘ಅನ್ರಿ. ಊರಿನ ಧಣಿಗಳೆಲ್ಲ ಅಂತಾರೆ, ನೀವೂ ಅನ್ರಿ.’

ಅಂದಿನಿಂದ ಅವರು ನನಗೆ ಹುಲಿಗೆಮ್ಮನವರಾದರು. ಮತ್ತೆ ಬಟ್ಟಲು ಇಟ್ಟೆ. ಬೆಳಿಗ್ಗೆ ಮೊಸರೇನೋ ಆಗಿತ್ತು, ನೀರು ನೀರಾಗಿ, ಎಳೆ ಎಳೆಯಾಗಿ, ಕಲಕಿದರೆ ಮಜ್ಜಿಗೆ. ಶಾಹಿನಾ ಚಮಚದಲ್ಲಿ ಎತ್ತಿ ನೋಡಿದರು. ‘ಊಟಕ್ಕಾದ್ರೆ ನಡೆಯುತ್ತೆ ಮೇಡಂ. ಹರಳಿಗೆ ಸಾಲಲ್ಲ’ ಎಂದರು. ಕೊನೆಯ ತಟ್ಟೆಯೂ ಹೋದೀತೆಂದು ಹೆದರಿ ಆಡಿದ ‘ನೀವು’ ಅದು. ನಮ್ಮ ದೊಡ್ಡ ಮನೆಗಳ ತಾರಸಿಯ ಸಾಲಿಗೆ ಸೇರಿದ್ದು.

‘ಪೆಟ್ಟಿಗೆ ಕಿತ್ತು ಬೇರೆ ಕೋಣೆಗೆ ಒಯ್ಯೋಣ್ವಾ?’ ಎಂದರು ಶಾಹಿನಾ.

‘ಒಯ್ರಿ, ಸುಲಭ ಐತೆ’ ಎಂದರು ಹುಲಿಗೆಮ್ಮ. ಅವರ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಪೆಟ್ಟಿಗೆ ಬೇರೆ ಗೋಡೆಗೆ ಹೋದರೂ ಹಾಜರಿ ಪುಸ್ತಕ ನನ್ನ ಮೇಜಿನ ಮೇಲೇ ಇರುತ್ತದೆ. ಕೋಣೆ ಬದಲಿಸುವ ಉಪಾಯ ನಮಗೆ ಹೊಸದೇನೂ ಅಲ್ಲ. ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಕೇರಿಗೆ ಎಂದು ನಮ್ಮವರನ್ನು ದೂರ ಸರಿಸಿದವರು ತಮ್ಮ ಹಾಲು ಕಾಪಾಡಿಕೊಳ್ಳಲಿಕ್ಕೇ ಅಲ್ಲವೇ ಸರಿಸಿದ್ದು? ಆ ಉಪಾಯವನ್ನು ನಾನು ಮಾಡಲಾರೆ ಅನ್ನಿಸಿತು. ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಕುಲಸಚಿವರ ಕಚೇರಿಗೆ ನಡೆದೆ.

‘ಹರಳು ಮನೆಯಲ್ಲಿ ಇನ್ನು ಮೇಲೆ ಪುಸ್ತಕ, ಪಾಳಿ ಹಂಚಿಕೆ, ಬೀಗದ ಕೈ ಮೂರೂ ತಿಂಗಳಿಗೊಬ್ಬರ ಕೈಗೆ ಹೋಗುತ್ತವೆ’ ಎಂದೆ. ‘ಅಲ್ಲಿ ದುಡಿಯೋರು ಯಾರೇ ಆಗಲಿ. ನನ್ನ ಹಾಜರಿಯೂ ಅವರ ಕೈಲಿ.’

‘ಅಂದ್ರೆ ತೊಳೆಯೋರು ನಿಮಗೆ ಹಾಜರಿ ಹಾಕ್ತಾರಾ?’

‘ಹೌದು.’

‘ನಿಯಮದಲ್ಲಿ ಅವಕಾಶ ಇಲ್ಲ ಮೇಡಂ.’

‘ನಿಯಮದಲ್ಲಿ ನನ್ನಂಥವಳು ಆ ಕುರ್ಚೀಲಿ ಕೂರೋದಕ್ಕೂ ಅವಕಾಶ ಇರಲಿಲ್ಲ. ಮಾಡಿಕೊಂಡ್ವಿ. ವಿಷದ ಷರತ್ತಿಗೂ ತೊಂದರೆ ಇಲ್ಲ. ಆ ತಿಂಗಳು ಬೀಗ ಯಾರ ಕೈಲೋ ಅವರೇ ಮುಖ್ಯಸ್ಥರು ಅಂತ ಬರೀರಿ.’

ಅವರು ಕಿಟಕಿಯತ್ತ ನೋಡಿದರು. ಹೊರಗೆ ಹೊಸ ಗ್ರಂಥಾಲಯಕ್ಕೆ ಕಬ್ಬಿಣ ಕಟ್ಟುತ್ತಿದ್ದರು. ‘ನಾಳಿದ್ದು ಸ್ಲ್ಯಾಬ್ ಹಾಕೋದಿದೆ’ ಎಂದರು ಸಣ್ಣ ದನಿಯಲ್ಲಿ. ‘ಈಗ ಈ ಆವರಣದಲ್ಲಿ ಜಗಳ ಬೇಡ. ಒಂದು ವರ್ಷಕ್ಕೆ ಅಂತ ಬರೆದುಕೊಡಿ, ಸಹಿ ಮಾಡ್ತೀನಿ.’

ಹರಳು ಮನೆಯಲ್ಲಿ ಒಂಬತ್ತು ಜನ ಕೂತು ಮಾತಾಡಿದೆವು. ಮೊದಲ ತಿಂಗಳು ಹುಲಿಗೆಮ್ಮನವರೇ ಎಂದು ಎಲ್ಲರೂ ಒಪ್ಪಿದರು. ಯಾವ ಯಂತ್ರ ಯಾವ ಹೊತ್ತಿಗೆ ಮುನಿಸಿಕೊಳ್ಳುತ್ತದೆ ಎಂದು ಅವರಷ್ಟು ಬಲ್ಲವರು ಇಲ್ಲ. ‘ನಂಗ್ಯಾಕ್ರಪ್ಪ ಈ ಗೋಳು’ ಎಂದರು ಅವರು, ಆದರೆ ಕೈ ಚಾಚಿ ಬೀಗದ ಕೈ ಇಸಿದುಕೊಂಡರು. ಮಾರನೆಯ ದಿನವೇ ಪಾಳಿಯ ಪಟ್ಟಿ ತಿದ್ದಿದರು. ಯುಗಾದಿಯಿಂದ ನಾನು ನ್ಯಾಯವಾಗಿ ಹಂಚಿದ್ದೆನೆಂದು ಮೆರೆಯುತ್ತಿದ್ದ ಪಟ್ಟಿಯಲ್ಲಿ ಹೊರಗಿನ ಕಾಲೇಜಿನವರಿಗೆಲ್ಲ ಬೆಳಗಿನ ಪಾಳಿಯೇ ಬಿದ್ದಿತ್ತು. ‘ಅವರ ಊರಿನ ಮೊದಲ ಬಸ್ಸು ಇಲ್ಲಿಗೆ ಬರೋದೇ ಹತ್ತೂವರೆಗೆ. ಎಂಟರ ಪಾಳಿ ಕೊಟ್ರೆ ಏನು ಮಾಡ್ಬೇಕ್ರಿ ಅವ್ರು?’ ಎಂದು ಕೇಳಿದರು. ಪ್ರೊಫೆಸರನ್ನೂ ಅವರೇ ಕರೆಸಿಕೊಂಡರು.

ಆದರೂ ನನಗೆ ‘ನೀವು’ ಅನ್ನುವುದನ್ನು ಅವರು ಬಿಡಲಿಲ್ಲ. ಕೊನೆಯ ತಟ್ಟೆ ಹಾಕುವ ದಿನವೂ ‘ಸರೀರಿ ಮೇಡಂ’ ಎಂದರು. ಕೇಳಬಾರದೆಂದು ನಾನು ತುಟಿ ಕಚ್ಚಿಕೊಂಡಿದ್ದೆ. ಬಟ್ಟಲಿನ ಮೊಸರು ದಿನದಿಂದ ದಿನಕ್ಕೆ ಬಿಗಿಯಾಗುತ್ತಿತ್ತು, ಅಷ್ಟೇ ಸಾಕು ಎಂದುಕೊಂಡೆ. ಶಾಹಿನಾ ಊಟ ಬಿಟ್ಟು ಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಹನ್ನೊಂದನೆಯ ದಿನ ಎರಡು ಹರಳು ಕಂಡವು. ಹನ್ನೆರಡನೆಯ ದಿನ ಒಂದಿತ್ತು. ಇನ್ನೊಂದು ದಿನ ಕಾಯುವ ಧೈರ್ಯ ಯಾರಿಗೂ ಇರಲಿಲ್ಲ.

ಹುಲಿಗೆಮ್ಮನವರು ಮೇಜಿನ ಮೇಲಿನ ಪುಟ್ಟ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕುಣಿಕೆ ಇಳಿಸಿದರು. ಶಾಹಿನಾ ನೈಟ್ರೋಜನ್ನಿನ ಬೋಗುಣಿ ಹಿಡಿದು ಪಕ್ಕದಲ್ಲಿ ನಿಂತರು. ನಾನು ಹಿಂದೆ ನಿಂತು ಹುಲಿಗೆಮ್ಮನವರ ಭುಜದ ಮೇಲಿಂದ ಬಾಗಿದೆ.

‘ಎಡಕ್ಕೆ, ಹುಲಿಗೆಮ್ಮನವರೇ. ಇನ್ನೂ ಒಂಚೂರು ಎಡಕ್ಕೆ.’

ಅವರು ಕುಣಿಕೆಯನ್ನು ಇನ್ನಷ್ಟು ಕೆಳಗಿಳಿಸಿದರು.

‘ಕುಣಿಕೆ ಓರೆ ಆಯ್ತು ನೋಡ್ರಿ. ಕೆಳಗಿಂದ ಎತ್ತಬೇಕು, ಕೆಳಗಿಂದ...’

‘ಏ, ಬಾಯಿ ಮುಚ್ಚೇ!’ ಎಂದಳು ಹುಲಿಗೆಮ್ಮ, ಕಣ್ಣು ತೆಗೆಯದೆ. ‘ನಿನ್ನ ಉಸಿರು ತಟ್ಟೆಗೆ ಬೀಳ್ತೈತೆ. ಹೋಗು, ಆಚೆ ನಿಂತ್ಕೋ ನೀನು!’

ಶಾಹಿನಾ ತಟ್ಟನೆ ನನ್ನ ಮುಖ ನೋಡಿದರು. ಹುಲಿಗೆಮ್ಮನಿಗೆ ತಾನೇನು ಅಂದೆ ಎಂಬುದರ ಮೇಲೆ ಗಮನವೇ ಇರಲಿಲ್ಲ. ಅವಳ ಗಮನವೆಲ್ಲ ಆ ಹನಿಯೊಳಗಿತ್ತು. ನಾನು ಹೊರಗೆ ಹೋಗಿ ಬಾಗಿಲು ಹಾಕಿಕೊಂಡೆ.

ಕಾರಿಡಾರಿನಲ್ಲಿ ಸುಜಯೀಂದ್ರ ಅವರು ಬೆಂಚಿನ ತುದಿಯಲ್ಲಿ ಕೂತಿದ್ದರು. ‘ಯಾಕೆ ಮೇಡಂ, ನೀವು ಹೊರಗೆ?’

‘ಹೊರಗೆ ಹಾಕಿದಾರೆ ಸರ್’ ಎಂದೆ. ನಗು ತಡೆಯಲಾಗಲಿಲ್ಲ. ಅವರ ಪಕ್ಕ ಕೂತೆ. ‘ನಿಮಗೆ ಅವತ್ತು ಅಂದಿದ್ದು ತಪ್ಪು. ಹರಳು ಕರಗಿಸಿದ್ದು ನನ್ನ ಬಾಯಿ. ನಿಮ್ಮದಲ್ಲ.’

ಅವರು, ‘ಅವತ್ತು ನಾನು ವಾದ ಮಾಡಲಿಲ್ಲ ನೋಡಿ, ಯಾಕೆ ಗೊತ್ತಾ? ನನಗೂ ಖಾತ್ರಿ ಇರಲಿಲ್ಲ. ನಮ್ಮ ಮನೇಲಿ ಮೊಸರು ಪ್ಯಾಕೆಟ್ಟಿನದು’ ಎಂದರು.

ಒಳಗೆ ಎಕ್ಸ್‌ರೇ ಯಂತ್ರದ ಗುಂಯ್‌ಗಾನ ಶುರುವಾಯಿತು. ಇಪ್ಪತ್ತು ನಿಮಿಷ. ಅರ್ಧ ಗಂಟೆ. ಆಮೇಲೆ ಶಾಹಿನಾ ಕೂಗಿದ್ದು ಕೇಳಿಸಿತು, ಅದು ಮಾತಾಗಿರಲಿಲ್ಲ. ಬಾಗಿಲು ತೆರೆದು ಹುಲಿಗೆಮ್ಮ ತಲೆ ಹೊರಗೆ ಹಾಕಿದಳು.

‘ಏನು ಇಲ್ಲೇ ಕುಂತಿ? ಬಂದು ನೋಡು, ಚುಕ್ಕಿ ಅಂಚಿನ ತನಕ ಬಿದ್ದಾವೆ.’ ಪ್ರೊಫೆಸರತ್ತ ತಿರುಗಿ, ‘ನೀವೂ ಬರ್ರಿ ಸರ್’ ಎಂದಳು.

ಅವರಿಗೆ ‘ನೀವೂ’, ನನಗೆ ‘ಬಂದು ನೋಡು’. ಆ ಕಾರಿಡಾರಿನಲ್ಲಿ ಆವತ್ತು ದೊಡ್ಡ ಮರ್ಯಾದೆ ಯಾರಿಗೆ ಸಿಕ್ಕಿತೆಂದು ಆ ದೊಡ್ಡ ಮನುಷ್ಯರಿಗೂ ಗೊತ್ತಾಗಿರಬೇಕು. ಅವರು ಎದ್ದು ಬಾಗಿಲು ಹಿಡಿದು ನಿಂತು, ನನ್ನನ್ನು ಮೊದಲು ಒಳಗೆ ಬಿಟ್ಟರು.